ಹಳೆ ಮನೆಯ ಕಾಂಕ್ರೀಟ್ ಪುಡಿ ಮಾಡಿ ಹೊಸ ಮೋಲ್ಡಿಗೆ ಹಾಕಬಹುದಾ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರು 1986ರಲ್ಲಿ ಕಟ್ಟಿಸಿದ ಮನೆ ಕೆಡವಿ, ಅದೇ ಸೈಟಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಲು ಹೊರಟಿದ್ದೇವೆ. ಹಳೆಯದು ಸುಮಾರು 1,000 ಚದರಡಿ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಮೋಲ್ಡ್ (ಕಂಬಿ ಹಾಕಿದ ಕಾಂಕ್ರೀಟ್ ಛಾವಣಿ). ಒಡೆದದ್ದನ್ನೆಲ್ಲ ಸಣ್ಣ ಕ್ರಷರ್‌ನಲ್ಲಿ ಇಲ್ಲೇ ಜಲ್ಲಿ ಮಾಡಿಕೊಂಡರೆ ಹೊಸ ಜಲ್ಲಿ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ಹಳೆ ಸಿಮೆಂಟ್ ಅದರಲ್ಲೇ ಇರುವುದರಿಂದ ಹೊಸ ಸಿಮೆಂಟೂ ಕಡಿಮೆ ಸಾಕಂತೆ. ಪಕ್ಕದ ಮನೆಯವರು ‘ಹತ್ತು ವರ್ಷಕ್ಕೆ ಮೋಲ್ಡ್ ಉದುರುತ್ತೆ ನೋಡಿ’ ಎಂದು ಹೆದರಿಸುತ್ತಾರೆ. ಆರ್ಕಿಟೆಕ್ಚರ್ ಓದುತ್ತಿರುವ ಮೊಮ್ಮಗಳು ‘ಹೊರದೇಶದಲ್ಲೆಲ್ಲ ಹೀಗೇ ಮಾಡ್ತಾರೆ ಅಜ್ಜಿ’ ಅನ್ನುತ್ತಾಳೆ. ಇನ್ನೊಂದು ಸಲ ಮನೆ ಕಟ್ಟಿಸುವ ಶಕ್ತಿ ನನಗಿಲ್ಲ. ಯಾರ ಮಾತು ಕೇಳಲಿ? ಪಾಯದ ಸೈಜುಗಲ್ಲನ್ನಾದರೂ ಮತ್ತೆ ಬಳಸಬಹುದೇ?

ಉತ್ತರ: ಮೇಡಂ, ಮೊದಲು ಸಿಮೆಂಟಿನ ಮಾತು ಮುಗಿಸಿಬಿಡೋಣ. ಅದು ಪೂರ್ತಿ ತಪ್ಪು. 1986ರಲ್ಲಿ ನೀರು ಕುಡಿದು ಗಟ್ಟಿಯಾದ ಸಿಮೆಂಟ್ ತನ್ನ ಕೆಲಸ ಮುಗಿಸಿದೆ. ಪುಡಿ ಮಾಡಿದರೆ ಅಲ್ಲೊಂದು ಇಲ್ಲೊಂದು ನೀರು ತಾಕದ ಕಣ ಸಿಗಬಹುದು. ಅದನ್ನು ನಂಬಿ ಒಂದು ಚೀಲವನ್ನೂ ಕಡಿಮೆ ಮಾಡುವ ಹಾಗಿಲ್ಲ. ಒಡೆದ ಕಾಂಕ್ರೀಟಿನ ಜಲ್ಲಿ ಹಾಕಿದರೆ ಅದೇ ಗಟ್ಟಿತನ ಬರಲು ಸಿಮೆಂಟ್ ಸ್ವಲ್ಪ ಜಾಸ್ತಿಯೇ ಬೇಕಾದೀತು. ಈ ಒಂದು ಮಾತಿಗೇ ನಿಮ್ಮ ಕಂಟ್ರಾಕ್ಟರನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಬೇಕು.

ಇನ್ನು ‘ಅರ್ಧ ಜಲ್ಲಿ ಉಳಿಯುತ್ತೆ’ ಎಂಬ ಲೆಕ್ಕ. ನೀವು ಟೀಚರ್, ನೀವೇ ಹಾಕಿ ನೋಡಿ. 1,000 ಚದರಡಿ ಮೋಲ್ಡ್, ನಾಲ್ಕೂವರೆ ಇಂಚು ದಪ್ಪ ಅಂದುಕೊಳ್ಳಿ. ಸುಮಾರು 375 ಘನ ಅಡಿ ಕಾಂಕ್ರೀಟ್. ಲಿಂಟೆಲ್, ಸಜ್ಜಾ ಸೇರಿಸಿದರೆ ಇನ್ನು ಸ್ವಲ್ಪ. ಗೋಡೆಗಳು ಎಲ್ಲ ಸೇರಿ 200 ಅಡಿ ಉದ್ದ, ಹತ್ತು ಅಡಿ ಎತ್ತರ, ಮುಕ್ಕಾಲು ಅಡಿ ದಪ್ಪ ಎಂದರೆ 1,500 ಘನ ಅಡಿ. ಬಾಗಿಲು, ಕಿಟಕಿ ಕಳೆದರೂ ಕಾಂಕ್ರೀಟಿನ ಮೂರು ಪಟ್ಟಿಗಿಂತ ಜಾಸ್ತಿ ಇಟ್ಟಿಗೆ ಮತ್ತು ಗಾರೆ. ಕಾಂಕ್ರೀಟನ್ನು ಒಡೆದಾಗಲೂ ಒಂದಷ್ಟು ಪುಡಿಯಾಗಿ ಹೋಗುತ್ತದೆ. ಹೊಸ ಮನೆಗೆ ಎರಡು ಮೋಲ್ಡಿಗೇ 750 ಘನ ಅಡಿ ಕಾಂಕ್ರೀಟ್ ಬೇಕು. ಪಾಯ, ಪಿಲ್ಲರ್, ಬೀಮ್ ಬೇರೆ. ಅಂದಮೇಲೆ ಅರ್ಧ ಜಲ್ಲಿ ಎಲ್ಲಿಂದ ಬರುತ್ತೆ? ಗೋಡೆಯ ಇಟ್ಟಿಗೆಯನ್ನೂ ಪುಡಿ ಮಾಡಿ ಸೇರಿಸಿದರೆ ಮಾತ್ರ ಬರುತ್ತೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ.

ಈಗ ಪಕ್ಕದ ಮನೆಯವರ ಭಯ. ಕಾಂಕ್ರೀಟ್ ಹಳತಾದರೆ ಸತ್ತಿತು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗೇನಿಲ್ಲ. ಹಳೆ ಮನೆ ಕೆಡವುವ ಜಾಗಕ್ಕೆ ಹೋದಾಗ ನಾನು ಜೇಬಿನಲ್ಲಿ ಒಂದು ಸಣ್ಣ ಸ್ಪ್ರೇ ಬಾಟಲಿ ಇಟ್ಟುಕೊಂಡಿರುತ್ತೇನೆ. ಅದರಲ್ಲಿರುವುದು ಫಿನಾಲ್ಫ್ಥಲೀನ್, ಶಾಲೆಯ ಲ್ಯಾಬಿನಲ್ಲಿ ಇರುತ್ತಿತ್ತಲ್ಲ, ಅದೇ. ಮೋಲ್ಡಿನ ಒಂದು ತುಂಡು ಮುರಿದು, ದೂಳು ಊದಿ, ಹೊಸದಾಗಿ ಮುರಿದ ಮುಖಕ್ಕೆ ಸಿಂಪಡಿಸುತ್ತೇನೆ. ಕೆಲವು ಕ್ಷಣಕ್ಕೆ ನಡುವಿನ ಭಾಗ ಬೀಟ್‌ರೂಟ್ ಪಲ್ಯದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಅಂಚು ಮಾತ್ರ ಬೂದಿಯಾಗಿಯೇ ಉಳಿಯುತ್ತದೆ. ಬಣ್ಣ ಬಂದ ಕಡೆ ಕ್ಷಾರ ಇನ್ನೂ ಇದೆ, ಕಂಬಿಗೆ ತುಕ್ಕು ಹಿಡಿಯದ ಹಾಗೆ ಕಾವಲಿದೆ. ಬಣ್ಣ ಬರದ ಅಂಚಿನಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೊಕ್ಕು ಆ ಕ್ಷಾರವನ್ನು ತಿಂದುಹಾಕಿದೆ. ಮೂವತ್ತು ನಲವತ್ತು ವರ್ಷದ ಮೋಲ್ಡಿನಲ್ಲೂ ನಡುಭಾಗ ಢಾಳಾಗಿ ಬಣ್ಣ ಬಿಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಆದ್ದರಿಂದ ಹಳತು ಎಂಬುದು ಸಮಸ್ಯೆಯಲ್ಲ. ಸಮಸ್ಯೆ ಬಾಯಾರಿಕೆಯದು.

ಒಡೆದ ಕಾಂಕ್ರೀಟಿನ ಒಂದು ಜಲ್ಲಿ ಕೈಗೆತ್ತಿಕೊಂಡು ನೋಡಿ. ಒಳಗೆ ಕಪ್ಪು ಕಲ್ಲು, ಮೈಮೇಲೆ ಹಳೆ ಸಿಮೆಂಟ್ ಗಾರೆಯ ಅಂಗಿ. ಗಾತ್ರದಲ್ಲಿ ಮೂರನೇ ಒಂದು ಭಾಗ ಈ ಅಂಗಿಯೇ ಇರುವುದು ಅಪರೂಪವೇನಲ್ಲ. ಅದರ ತುಂಬ ಸಣ್ಣ ಸಣ್ಣ ತೂತು, ಒಡೆಯುವಾಗ ಬಿದ್ದ ಬಿರುಕು. ನಮ್ಮ ಕಡೆಯ ಗಟ್ಟಿ ಕಲ್ಲಿನ ಜಲ್ಲಿ ತನ್ನ ತೂಕದ ಶೇ. 1ರಷ್ಟೂ ನೀರು ಕುಡಿಯುವುದಿಲ್ಲ. ಒಡೆದ ಕಾಂಕ್ರೀಟಿನದು ಸಲೀಸಾಗಿ ಶೇ. 4, 5, ಕೆಲವೊಮ್ಮೆ ಅದಕ್ಕೂ ಮೇಲೆ. ಇಟ್ಟಿಗೆ ಚೂರಿನದಂತೂ ಕೇಳಲೇಬೇಡಿ. ಸಾಧಾರಣ ಇಟ್ಟಿಗೆ ತೂಕದ ಶೇ. 20ರವರೆಗೆ ನೀರು ಹೀರಿದರೂ ನಮ್ಮ ಮಾನಕ ಅದನ್ನು ಪಾಸ್ ಮಾಡುತ್ತದೆ.

ಇದನ್ನು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಒಣಗಿದ ಜಲ್ಲಿ ಒಂದು ಕೆಜಿ ತೂಗಿ, ಒಂದು ದಿನ ಪೂರ್ತಿ ನೀರಲ್ಲಿ ಬಿಡಿ. ತೆಗೆದು ಬಟ್ಟೆಯಲ್ಲಿ ಮೈ ಒರೆಸಿ ಮತ್ತೆ ತೂಗಿ. ಹತ್ತು ಗ್ರಾಂ ಒಳಗೇ ಏರಿದರೆ ಅದು ಕಲ್ಲು. ಐವತ್ತು ಏರಿದರೆ ಒಡೆದ ಕಾಂಕ್ರೀಟ್. ನೂರು ದಾಟಿದರೆ ಅದರಲ್ಲಿ ಇಟ್ಟಿಗೆಯೋ ಸುಣ್ಣದ ಗಾರೆಯೋ ಬೇಕಾದಷ್ಟಿದೆ ಎಂದೇ ಲೆಕ್ಕ. ಲ್ಯಾಬಿನ ಪರೀಕ್ಷೆಯೂ ಹೆಚ್ಚುಕಡಿಮೆ ಹೀಗೇ.

ಬಾಯಾರಿಕೆಯಿಂದ ಏನಾಗುತ್ತೆ ಅಂದರೆ, ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 1,150 ಕೆಜಿ ಜಲ್ಲಿ, 350 ಕೆಜಿ ಸಿಮೆಂಟ್, 175 ಲೀಟರ್ ನೀರು ಹಾಕಿದ್ದೀರಿ ಅಂದುಕೊಳ್ಳಿ. ಜಲ್ಲಿ ಪೂರ್ತಿ ಒಡೆದ ಕಾಂಕ್ರೀಟಿನದೇ ಆಗಿದ್ದು, ಒಣಗಿದ್ದು, ಶೇ. 5 ಕುಡಿದರೆ 57 ಲೀಟರ್ ಅದರ ಹೊಟ್ಟೆಗೇ ಹೋಯಿತು. ಒಟ್ಟು ನೀರಿನ ಮೂರನೇ ಒಂದು ಭಾಗ! ಐದನೇ ಒಂದು ಭಾಗ ಮಾತ್ರ ಬೆರೆಸಿದರೆ ಹನ್ನೊಂದು ಹನ್ನೆರಡು ಲೀಟರ್ ಅಷ್ಟೆ, ಸಂಭಾಳಿಸಬಹುದು. ಪೂರ್ತಿ ಹಾಕಿದಾಗ ಮಿಕ್ಸರಿನಲ್ಲಿ ಸರಿಯಾಗಿದ್ದ ಕಲಸು ಮೇಲಕ್ಕೆ ಹೋಗುವಷ್ಟರಲ್ಲಿ ಬಿಗಿದುಕೊಳ್ಳುತ್ತದೆ. ಮೇಸ್ತ್ರಿ ಏನು ಮಾಡುತ್ತಾರೆ? ‘ಸ್ವಲ್ಪ ನೀರು ಬಿಡೋ’ ಅನ್ನುತ್ತಾರೆ. ಅಳತೆ ಇಲ್ಲದ ಆ ‘ಸ್ವಲ್ಪ’ದಲ್ಲೇ ಮೋಲ್ಡಿನ ಆಯಸ್ಸು ಕಡಿಮೆಯಾಗುವುದು.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹಲವು ವರ್ಷದ ಹಿಂದೆ, ಏಪ್ರಿಲ್ ಬಿಸಿಲಲ್ಲಿ, ಒಂದು ಪಾರ್ಕಿಂಗ್ ನೆಲಕ್ಕೆ ಇಂಥ ಜಲ್ಲಿ ಬೆರೆಸಿ ಹಾಕಿಸಿದ್ದೆ. ಜಲ್ಲಿಯನ್ನು ಹಿಂದಿನ ರಾತ್ರಿ ನೆನೆಸಿ ಅಂತ ಹೇಳಿದ್ದೆ. ನೆನೆಸಿದ್ದಾರಾ ಅಂತ ನೋಡಲು ಹೋಗಿರಲಿಲ್ಲ. ಬೆಳಿಗ್ಗೆ ಮೊದಲ ಎರಡು ಮಿಕ್ಸಿನಿಂದ ಕ್ಯೂಬ್ (ಗಟ್ಟಿತನದ ಪರೀಕ್ಷೆಗೆ ಡಬ್ಬಿಯಲ್ಲಿ ತುಂಬಿಡುವ ಮಾದರಿ) ತುಂಬಿಸಿಕೊಂಡು ಆಫೀಸಿಗೆ ಹೋದೆ. ಆಮೇಲೆ ಬಿಸಿಲೇರಿದ ಹಾಗೆ ಪೈಪಿನಲ್ಲಿ ನೀರು ಬಿಟ್ಟಿದ್ದಾರೆ. 28ನೇ ದಿನ ಕ್ಯೂಬ್ ಚೆನ್ನಾಗಿ ಪಾಸಾಯಿತು. ನೆಲ ಮಾತ್ರ ಮೂರು ತಿಂಗಳಿಗೆ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ನೆಲವಾದ್ದರಿಂದ ಬಚಾವಾದೆ.

‘ಕ್ಯೂಬ್ ಪಾಸ್ ಆದ್ರೆ ಆಯ್ತಲ್ಲ’ ಎಂದು ಈಗಲೂ ಕೇಳುವವರಿದ್ದಾರೆ. ಕ್ಯೂಬ್ ಹೇಳುವುದು ಆ ಡಬ್ಬಿಗೆ ತುಂಬಿದ ಕಾಂಕ್ರೀಟ್ ಎಷ್ಟು ಭಾರ ತಡೆಯಿತು ಎಂಬುದನ್ನು ಮಾತ್ರ. ಒಳಗೆ ಗಾಳಿ, ನೀರು ಎಷ್ಟು ಬೇಗ ನುಗ್ಗುತ್ತದೆ ಎಂದು ಅದು ಹೇಳುವುದಿಲ್ಲ. ಬಾಳಿಕೆ ನಿಂತಿರುವುದು ಈ ಎರಡನೆಯದರ ಮೇಲೆ.

ಅದನ್ನೂ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ, ಉದಾಹರಣೆಗೆ ಅಷ್ಟೆ. ಗಾಳಿ ಕಾಂಕ್ರೀಟಿನೊಳಗೆ ಇಳಿಯುವ ಆಳ ಕಾಲದ ವರ್ಗಮೂಲದ ಹಾಗೆ ಬೆಳೆಯುತ್ತದೆ. ಅಂದರೆ ಆಳ ಎರಡು ಪಟ್ಟಾಗಲು ನಾಲ್ಕು ಪಟ್ಟು ವರ್ಷ ಬೇಕು. ಒಳ್ಳೆ ಕಾಂಕ್ರೀಟಿನಲ್ಲಿ ಹತ್ತು ವರ್ಷಕ್ಕೆ 10 ಮಿ.ಮೀ. ಇಳಿದರೆ, ಮೋಲ್ಡಿನ ಕಂಬಿಯ ಕೆಳಗಿರುವ 20 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚಿರುವ ಕಾಂಕ್ರೀಟ್ ಪದರ) ದಾಟಲು 40 ವರ್ಷ. ನೀರು ಜಾಸ್ತಿಯಾಗಿ ತೂತುತೂತಾದ ಕಾಂಕ್ರೀಟಿನಲ್ಲಿ ಅದೇ ಹತ್ತು ವರ್ಷಕ್ಕೆ 15 ಮಿ.ಮೀ. ಇಳಿಯಿತು ಅನ್ನಿ. ಆಗ 20 ದಾಟಲು 18 ವರ್ಷ ಸಾಕು. ಬರೀ 5 ಮಿ.ಮೀ. ವ್ಯತ್ಯಾಸಕ್ಕೆ ಅರ್ಧಕ್ಕಿಂತ ಹೆಚ್ಚು ಆಯಸ್ಸು ಹೋಯಿತು. ಇದೇ ಕಳಪೆ ಕಾಂಕ್ರೀಟಿಗೆ ಕವರ್ ಅನ್ನು 25 ಮಿ.ಮೀ. ಮಾಡಿದ್ದರೆ ಸುಮಾರು 28 ವರ್ಷ ಸಿಗುತ್ತಿತ್ತು. ಈ ಕವರ್ ಉಳಿಯಲೆಂದು ಕಂಬಿಯ ಕೆಳಗೆ ಇಡುವ ಪುಟ್ಟ ಕವರ್ ಬ್ಲಾಕಿಗೆ ನಾನು ಅಷ್ಟು ಬಡಿದಾಡುವುದು ಇದಕ್ಕೇ. ಗಾಳಿ ಕಂಬಿ ಮುಟ್ಟಿದ ದಿನವೇ ಮೋಲ್ಡ್ ಬೀಳುವುದಿಲ್ಲ. ಜೊತೆಗೆ ತೇವವೂ ಬೇಕು. ಆದರೆ ತುಕ್ಕು ಶುರುವಾದರೆ ಅದು ಕಂಬಿಗಿಂತ ಕಡಿಮೆ ಅಂದರೂ ಎರಡು ಪಟ್ಟು ಜಾಗ ಕೇಳುತ್ತದೆ. ಕೆಳಗಿನ ಕಾಂಕ್ರೀಟನ್ನು ಹಪ್ಪಳದ ಹಾಗೆ ಎಬ್ಬಿಸಿ ಉದುರಿಸುತ್ತದೆ. ನಿಮ್ಮ ನೆರೆಯವರು ಎಲ್ಲೋ ಇದನ್ನು ನೋಡಿರಬೇಕು. ಅವರು ನೋಡಿದ್ದು ಹೊಸ ಜಲ್ಲಿಯ ಮೋಲ್ಡನ್ನೇ ಇರಬಹುದು. ನೀರು ಸುರಿದು, ಕವರ್ ಮರೆತು ಹಾಕಿದರೆ ಯಾವ ಜಲ್ಲಿಯಾದರೂ ಒಂದೇ.

ಇಟ್ಟಿಗೆ ಎಂದರೆ ಕಾಂಕ್ರೀಟಿಗೆ ವಿಷ ಎಂದೂ ಅಂದುಕೊಳ್ಳಬೇಡಿ. ನಿಮ್ಮೂರಿಗೆ ಹತ್ತಿರದ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟನ್ನು ಕಟ್ಟಿರುವುದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ಸುರ್ಕಿ ಅಂದರೆ ನುಣ್ಣಗೆ ಅರೆದ ಇಟ್ಟಿಗೆ ಪುಡಿ. ಸುಣ್ಣದ ಜೊತೆ ಸೇರಿ ನೀರೊಳಗೂ ಗಟ್ಟಿಯಾಗುತ್ತದೆ. ಬಾಂಗ್ಲಾದೇಶದಲ್ಲಿ ಕಲ್ಲು ಸಿಗುವುದು ಕಷ್ಟ, ಅಲ್ಲಿ ಇಟ್ಟಿಗೆಯನ್ನೇ ಒಡೆದು ಜಲ್ಲಿಯಾಗಿ ಹಾಕುತ್ತಾರೆ. ಆದರೆ ಅದಕ್ಕೆಂದೇ ಚೆನ್ನಾಗಿ ಸುಟ್ಟ ಇಟ್ಟಿಗೆ ಆರಿಸಿ, ನೆನೆಸಿ ಬಳಸುತ್ತಾರೆ. ನಿಮ್ಮ ಗೋಡೆಯ ಇಟ್ಟಿಗೆಯ ಜೊತೆ ಗಾರೆ, ಬಣ್ಣ, ಪುಟ್ಟಿ, ಬಾತ್‌ರೂಮಿನ ಟೈಲ್ಸ್, ವೈರಿನ ಪೈಪು ಎಲ್ಲ ಒಟ್ಟಿಗೆ ಕ್ರಷರಿಗೆ ಹೋಗುತ್ತದೆ. ಎರಡೂ ಒಂದೇ ಅಲ್ಲ.

ಬಣ್ಣ, ಟೈಲ್ಸಿಗಿಂತ ನನಗೆ ಭಯ ಪಿಒಪಿಯದು (ಪ್ಲಾಸ್ಟರ್ ಆಫ್ ಪ್ಯಾರಿಸ್). ನಡುವೆ ಯಾವಾಗಲಾದರೂ ಫಾಲ್ಸ್ ಸೀಲಿಂಗ್ ಮಾಡಿಸಿದ್ದರೆ, ಜಿಪ್ಸಂ ಪ್ಲಾಸ್ಟರ್ ಹಾಕಿಸಿದ್ದರೆ, ಅದನ್ನು ಒಡೆಯುವ ಮೊದಲೇ ಕಿತ್ತು ಹೊರಗೆ ಹಾಕಿಸಿ. ಜಿಪ್ಸಂ ಅಂದರೆ ಸಲ್ಫೇಟ್. ಗಟ್ಟಿಯಾದ ಕಾಂಕ್ರೀಟಿನೊಳಗೆ ತೇವ ಸಿಕ್ಕಾಗ ಅದು ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ, ಒಳಗಿನಿಂದಲೇ ಬಿರುಕು ಬಿಡಿಸುತ್ತದೆ. ಹಿತ್ತಲಿನ ಶೆಡ್ಡಿಗೆ ಹಳೆ ಕಾಲದ ಆಸ್ಬೆಸ್ಟಾಸ್ ಶೀಟ್ ಇದ್ದರೆ ಅದು ಕ್ರಷರ್ ಹತ್ತಿರಕ್ಕೂ ಹೋಗಬಾರದು. ಅದು ಬಾಳಿಕೆಯ ಮಾತಲ್ಲ, ಕೆಲಸದವರ ಶ್ವಾಸಕೋಶದ ಮಾತು. ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು.

ನಿಯಮ ಏನು ಹೇಳುತ್ತದೆ? ಜಲ್ಲಿ, ಮರಳಿಗೆ ಇರುವ ನಮ್ಮ ಮಾನಕ ಐಎಸ್ 383. 2016ರ ಪರಿಷ್ಕರಣೆಯಲ್ಲಿ ಅದು ಇಂಥ ಜಲ್ಲಿಗೆ ಜಾಗ ಕೊಟ್ಟಿತು, ಮಿತಿಯನ್ನೂ ಹಾಕಿತು. ಬರೀ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ ಬೆರೆಸಬಹುದು. ಕಂಬಿ ಇರುವಲ್ಲಿ ಶೇ. 20, ಅದೂ ಎಂ25 ಅಥವಾ ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ (ಎಂ ಮುಂದಿನ ಅಂಕಿ ದೊಡ್ಡದಾದಷ್ಟು ಕಾಂಕ್ರೀಟ್ ಗಟ್ಟಿ). ಎಂ15ಕ್ಕಿಂತ ಕೆಳಗಿನ ಬಡ ಕಾಂಕ್ರೀಟಿಗೆ ಪೂರ್ತಿ ಹಾಕಬಹುದು. ಇಟ್ಟಿಗೆ, ಗಾರೆ ಬೆರೆತ ಜಲ್ಲಿಗೆ ಈ ಕೊನೆಯ ಜಾಗ ಮಾತ್ರ. ಅಂದರೆ ನಿಮ್ಮ ಕಂಟ್ರಾಕ್ಟರ್ ಹೇಳುವ ಅರ್ಧಕ್ಕರ್ಧ ಲೆಕ್ಕ ಮೋಲ್ಡಿಗೆ ನಿಯಮದ ಪ್ರಕಾರವೂ ನಡೆಯುವುದಿಲ್ಲ.

ಮೊಮ್ಮಗಳು ಹೇಳಿದ್ದು ಸುಳ್ಳಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಊರಿಗೆ ಊರೇ ಕಲ್ಲುಮಣ್ಣಿನ ರಾಶಿಯಾಗಿತ್ತು. ಅದನ್ನೇ ಆರಿಸಿ, ಒಡೆದು, ಮತ್ತೆ ಕಟ್ಟಿದರು. ಇವತ್ತು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸರ್ಕಾರಿ ಶಾಲೆಗಳನ್ನೇ ಇಂಥ ಕಾಂಕ್ರೀಟಿನಲ್ಲಿ ಕಟ್ಟುತ್ತಾರೆ. ದೆಹಲಿಯ ಬುರಾಡಿಯಲ್ಲಿ 2009ರಿಂದ ಕಟ್ಟಡದ ಅವಶೇಷ ಸಂಸ್ಕರಿಸುವ ಘಟಕವಿದೆ. ಆದರೆ ಘಟಕಕ್ಕೂ ನಿಮ್ಮ ಗೇಟಿನ ಮುಂದೆ ನಿಲ್ಲುವ ಸಣ್ಣ ಕ್ರಷರಿಗೂ ಇರುವ ವ್ಯತ್ಯಾಸವನ್ನು ಆಕೆಗೆ ಹೇಳಿ. ಅಲ್ಲಿ ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ, ಹಗುರ ಕಸ ಬೇರೆಯಾಗುತ್ತದೆ, ಜಲ್ಲಿ ಅಳತೆಗೆ ತಕ್ಕಂತೆ ಜರಡಿಯಾಗುತ್ತದೆ, ಲ್ಯಾಬಿನವರು ಮತ್ತೆ ಮತ್ತೆ ಸ್ಯಾಂಪಲ್ ನೋಡುತ್ತಾರೆ. ನಿಮ್ಮ ಗೇಟಿನ ಮುಂದೆ ಆ ಕೆಲಸವನ್ನೆಲ್ಲ ಮಾಡುವವರು ಯಾರು?

ಹಾಗಾದರೆ ನೀವೇನು ಮಾಡಬೇಕು? ನನ್ನ ಮನೆಯಾಗಿದ್ದರೆ ಹೀಗೆ ಮಾಡುತ್ತಿದ್ದೆ. ಪಿಲ್ಲರ್, ಬೀಮ್, ಮೋಲ್ಡ್, ಸಂಪ್, ಮೇಲಿನ ಟ್ಯಾಂಕ್ ಇಷ್ಟಕ್ಕೂ ಹೊಸ ಜಲ್ಲಿ. ಶೇ. 20 ಬೆರೆಸಲು ನಿಯಮ ಬಿಡುತ್ತದಲ್ಲ ಎಂದು ಕೇಳಬಹುದು. ಬಿಡುತ್ತದೆ. ಚೆನ್ನಾಗಿ ಮಾಡಿದರೆ ಬಾಳಿಕೆಯೂ ಬರುತ್ತದೆ. ಆದರೆ ಒಂದೇ ಮನೆಗಾಗಿ ಆರಿಸಿ, ನೀರು ಹೀರುವುದು, ಸಲ್ಫೇಟ್, ಕ್ಲೋರೈಡ್ ಎಲ್ಲ ಪರೀಕ್ಷೆ ಮಾಡಿಸಿ, ಮಿಕ್ಸ್ ಡಿಸೈನ್ (ಯಾವುದನ್ನು ಎಷ್ಟು ಕಲಸಬೇಕೆಂಬ ಲೆಕ್ಕ) ಬರೆಸಿ, ಮೋಲ್ಡಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಒಬ್ಬ ಎಂಜಿನಿಯರ್ ನಿಂತು ನೋಡಬೇಕು. ಅಷ್ಟು ಖರ್ಚು ಮಾಡಿ ಉಳಿಸುವುದು ಒಂದು ಲೋಡಿನಷ್ಟು ಜಲ್ಲಿಯೂ ಅಲ್ಲ. ದೊಡ್ಡ ಅಪಾರ್ಟ್‌ಮೆಂಟಿಗೆ, ಪ್ಲಾಂಟಿನಿಂದ ಬರುವ ರೆಡಿಮಿಕ್ಸಿಗೆ ಈ ಲೆಕ್ಕ ಬೇರೆ.

ಒಡೆದ ಮೋಲ್ಡಿನ ಜಲ್ಲಿಯನ್ನು ಪಾಯದಡಿಯ ಬೆಡ್ ಕಾಂಕ್ರೀಟಿಗೆ, ಕಾರು ನಿಲ್ಲಿಸುವ ಜಾಗದ ಅಡಿಪದರಕ್ಕೆ, ನೆಲದ ಟೈಲ್ಸ್ ಕೆಳಗಿನ ಪಿಸಿಸಿಗೆ (ಕಂಬಿ ಇಲ್ಲದ ಕಾಂಕ್ರೀಟಿಗೆ) ಹಾಕಿ. ಅಲ್ಲೆಲ್ಲ ಕಂಬಿಯಿಲ್ಲ, ತುಕ್ಕಿನ ಭಯವಿಲ್ಲ. ಆದರೆ ಟೈಲ್ಸ್ ಕೆಳಗಿನ ಪಿಸಿಸಿಯನ್ನು ಎಂ10 ದರ್ಜೆಯಲ್ಲೇ ಇಟ್ಟುಕೊಳ್ಳಿ, ಪೂರ್ತಿ ಇಂಥ ಜಲ್ಲಿ ಹಾಕಲು ನಿಯಮ ಬಿಡುವುದು ಎಂ15ರ ಕೆಳಗೆ ಮಾತ್ರ. ಹಿಂದಿನ ರಾತ್ರಿ ಕಡಲೆ ನೆನೆಹಾಕಿದ ಹಾಗೆ ಜಲ್ಲಿಗೆ ನೀರು ಹಾಕಿಸಿ. ಬೆಳಿಗ್ಗೆ ನೀರು ಬಸಿದು, ಒಳಗೆ ಹಸಿ ಇದ್ದು ಮೈ ಮೇಲೆ ಹನಿ ಇಲ್ಲದ ಹದದಲ್ಲಿ ಮಿಕ್ಸರಿಗೆ ಹೋಗಬೇಕು. ಹಾಕಿದ ಮೇಲೆ ಗೋಣಿಚೀಲ ಹೊದಿಸಿ ಹದಿನಾಲ್ಕು ದಿನ ಒದ್ದೆ ಇಡಿಸಿ. ಇಂಥ ಕಾಂಕ್ರೀಟ್ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಕ್ಯೂರಿಂಗ್ ತಪ್ಪಿಸಿದರೆ ಮೊದಲು ತೋರಿಸಿಕೊಡುವುದೇ ಅದು.

ಜರಡಿಯಲ್ಲಿ ಕೆಳಗೆ ಬಿದ್ದ ಪುಡಿಯನ್ನು ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಬದಲು ಹಾಕುತ್ತೇವೆ ಅಂದರೆ ಬೇಡ ಅನ್ನಿ. ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವುದು ಆ ಪುಡಿಯೇ. ಅದು ಮತ್ತು ಇಟ್ಟಿಗೆ ಚೂರು ಎರಡೂ ಪ್ಲಿಂತ್ ಒಳಗೆ, ಅಂದರೆ ಮನೆಯ ನೆಲದಡಿಯ ಜಾಗದಲ್ಲಿ, ಭರ್ತಿಗೆ ಹೋಗಲಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಹೊಡೆಸಿ. ಇಡಿಯಾಗಿ ಸಿಕ್ಕ ಇಟ್ಟಿಗೆಯನ್ನು ಪುಡಿ ಮಾಡಿಸಲೇಬೇಡಿ, ಕಾಂಪೌಂಡಿಗೆ ಆಗುತ್ತದೆ ಅಥವಾ ಮಾರಬಹುದು. ಇಷ್ಟಾದ ಮೇಲೂ ಉಳಿದದ್ದನ್ನು ಕಾರ್ಪೊರೇಷನ್ ಗೊತ್ತುಮಾಡಿದ ಜಾಗಕ್ಕೇ ಸಾಗಿಸುವಂತೆ ಕರಾರಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಟ್ರಾಕ್ಟರ್ ಯಾವುದೋ ಕೆರೆಯ ಅಂಚಿಗೆ ಹೋಗುತ್ತೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇದೇ ಪ್ರಶ್ನೆಯನ್ನು ಮಂಗಳೂರಿನಿಂದಲೋ ಕಾರವಾರದಿಂದಲೋ ಯಾರಾದರೂ ಕೇಳಿದ್ದರೆ ನಾನು ಇನ್ನೂ ಬಿಗಿಯಾಗುತ್ತಿದ್ದೆ. ಅಲ್ಲಿ ಹಳೆ ಕಾಂಕ್ರೀಟಿನೊಳಗೇ ಸಮುದ್ರದ ಉಪ್ಪು ಸೇರಿರಬಹುದು. ಒಡೆದು ಹೊಸ ಮೋಲ್ಡಿಗೆ ಹಾಕಿದರೆ ತುಕ್ಕನ್ನು ನಾವೇ ಕರೆದು ಕೂರಿಸಿದ ಹಾಗೆ. ಮೈಸೂರಿಗೆ ಆ ಕಾಟವಿಲ್ಲ. ಕಲಸಲು ಬೋರ್‌ವೆಲ್ ನೀರು ಬಳಸುವುದಾದರೆ ಅದನ್ನೊಂದು ಸಲ ಪರೀಕ್ಷೆಗೆ ಕೊಡಿ, ಸಾಕು.

ಸೈಜುಗಲ್ಲಿನ ವಿಷಯಕ್ಕೆ ಚಿಂತೆಯೇ ಬೇಡ. ಕಲ್ಲಿಗೆ ಅಂಟಿದ ಗಾರೆ ಕೆತ್ತಿಸಿ, ತೊಳೆಸಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿಸಿ. ಠಣ್ ಅಂದರೆ ಪಾಯಕ್ಕೆ, ದಬ್ ಅಂದರೆ ಪಕ್ಕಕ್ಕೆ. ಆದರೆ ಕೆಡವುವ ಗುತ್ತಿಗೆ ಮಾತಾಡುವಾಗಲೇ ‘ಕಲ್ಲು ನಮ್ಮದು’ ಎಂದು ಬರೆಸಿಕೊಳ್ಳಿ. ಎಷ್ಟೋ ಸಲ ಕಂಬಿಯ ಜೊತೆ ಅದೂ ಲಾರಿ ಹತ್ತಿಬಿಟ್ಟಿರುತ್ತದೆ.